ಐದು ಶತಮಾನ ಗೋಮಾಳ ಕಾಯ್ದುಕೊಂಡ ಸ್ವಿಸ್ ಹಳ್ಳಿ

ಪ್ರಶ್ನೆ: ಮಗಳು ಜ್ಯೂರಿಚ್‌ನಲ್ಲಿ ನೆಲೆಸಿದ್ದಾಳೆ. ಬರುವ ಜೂನ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಎಲ್ಲರೂ ನೋಡುವ ಹಿಮಶಿಖರಗಳ ಜೊತೆಗೆ ಒಂದು ಸಾಧಾರಣ ಹಳ್ಳಿಯನ್ನೂ ಕಂಡು ಬರಬೇಕೆಂಬ ಆಸೆ. ಟೋರ್ಬೆಲ್ ಎಂಬ ಹಳ್ಳಿಯವರು ಐದು ನೂರು ವರ್ಷ ತಮ್ಮ ಗೋಮಾಳವನ್ನು ಹಾಳಾಗಗೊಡದೆ ಕಾಪಾಡಿಕೊಂಡರು ಎಂದು ಓದಿದ್ದೆ. ಇದು ನಿಜವೇ? ನಿಜವಾದರೆ ಹೇಗೆ ಸಾಧ್ಯವಾಯಿತು? ಆ ಜನ ದಿನನಿತ್ಯ ಹೇಗೆ ಬದುಕುತ್ತಿದ್ದರು?

ಉತ್ತರ: ನೀವು ಓದಿದ್ದು ನಿಜ. ಆದರೆ ಈ ಸಂಗತಿಯನ್ನು ಹೇಳುವವರು ಬಹಳಷ್ಟು ಸಲ ಅರ್ಧಕ್ಕೇ ನಿಲ್ಲಿಸುತ್ತಾರೆ. ಟೋರ್ಬೆಲ್‌ನವರು ಒಳ್ಳೆಯವರು, ಒಗ್ಗಟ್ಟಿನವರು, ಆದ್ದರಿಂದ ಹುಲ್ಲುಗಾವಲು ಉಳಿಯಿತು ಎಂಬ ಧಾಟಿ ಅದು. ಆ ಊರಿನ ಹಳೆಯ ಕರಾರುಗಳನ್ನು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಅಲ್ಲಿ ಕಟ್ಟುನಿಟ್ಟಾದ ಲೆಕ್ಕವಿದೆ, ದಂಡವಿದೆ, ಹೊರಗಿನವರಿಗೆ ಮುಚ್ಚಿದ ಬಾಗಿಲಿದೆ. ಆ ಲೆಕ್ಕ ಸರಿಹೋಗಲು ಊರಿನ ಎಷ್ಟೋ ಮಕ್ಕಳು ಮದುವೆಯಿಲ್ಲದೆ ಉಳಿದರು, ಎಷ್ಟೋ ಜನ ಊರು ಬಿಟ್ಟರು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಆ ಹಳ್ಳಿಗೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ.

ಮೊದಲು ಜಾಗ ಎಂಥದ್ದೆಂದು ನೋಡೋಣ. ಸ್ವಿಟ್ಜರ್‌ಲೆಂಡ್‌ನ ನೈರುತ್ಯದಲ್ಲಿ ವಾಲಿಸ್ ಎಂಬ ಪ್ರಾಂತ್ಯವಿದೆ. ಫ್ರೆಂಚ್ ಆಡುವವರು ಅದನ್ನೇ ವಾಲೇ ಎನ್ನುತ್ತಾರೆ. ಅದರ ಮೇಲ್ಭಾಗದಲ್ಲಿ ಜರ್ಮನ್ ಆಡುವ ಕ್ಯಾಥೊಲಿಕ್ ಜನ. ರೋನ್ ನದಿಯ ದಂಡೆಯ ಫಿಸ್ಪ್ ಪಟ್ಟಣದಿಂದ ದಕ್ಷಿಣಕ್ಕೆ ತಿರುಗಿ ಜೆರ್ಮಾಟ್ ಕಡೆಗೆ ಹೋಗುವ ಕಣಿವೆಯಲ್ಲಿ ಸ್ಟಾಲ್ಡನ್ ಎಂಬ ಊರು ಸಿಗುತ್ತದೆ. ಅದರ ಮೇಲೆ, ಬಿಸಿಲಿಗೆ ಮುಖ ಮಾಡಿದ ಕಡಿದಾದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ ಟೋರ್ಬೆಲ್ ಇದೆ. ಈಗ ಅಲ್ಲಿರುವವರು ಐದು ನೂರರ ಆಸುಪಾಸು.

ಆಲ್ಪ್ಸ್ ಎಂದ ಕೂಡಲೇ ಮಳೆ, ಮಂಜು, ಸದಾ ಹಸಿರು ಎಂದು ಊಹಿಸಿಕೊಳ್ಳುತ್ತೇವೆ. ಈ ಕಣಿವೆಯ ಮಟ್ಟಿಗೆ ಆ ಊಹೆ ತಪ್ಪು. ಸುತ್ತಲಿನ ಎತ್ತರದ ಪರ್ವತಗಳು ಮೋಡಗಳನ್ನು ತಡೆದುಬಿಡುವುದರಿಂದ ಸ್ಟಾಲ್ಡನ್ ಸುತ್ತಮುತ್ತ ದೇಶದಲ್ಲೇ ಅತಿ ಕಡಿಮೆ ಮಳೆಯಾಗುತ್ತದೆ, ವರ್ಷಕ್ಕೆ 500ರಿಂದ 600 ಮಿಲಿಮೀಟರ್. ನಮ್ಮ ಬಯಲುಸೀಮೆಯ ಮಳೆಯ ಲೆಕ್ಕವೇ ಹೆಚ್ಚುಕಡಿಮೆ. ನೀರು ಹಾಯಿಸದಿದ್ದರೆ ಅಲ್ಲಿ ಹುಲ್ಲು ಬೆಳೆಯದು. ಹುಲ್ಲಿಲ್ಲದಿದ್ದರೆ ಹಸುವಿಲ್ಲ, ಹಸುವಿಲ್ಲದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಧಾನ್ಯವಿಲ್ಲ. ಊರಿನ ಕಟ್ಟಳೆಗಳೆಲ್ಲ ಈ ಒಂದು ಸರಪಳಿಗೆ ಗಂಟುಬಿದ್ದಿವೆ.

ಈ ನೆಲದ ವ್ಯವಹಾರದ ಬರಹಗಳು 1224ರಷ್ಟು ಹಿಂದಿನವು. ಆದರೆ ಮುಖ್ಯವಾದದ್ದು 1483ರ ಫೆಬ್ರುವರಿ 1ರ ಕರಾರು. ಅಂದು ಊರಿನವರು ಸೇರಿ ಬೆಟ್ಟದ ಮೇಲಿನ ಹುಲ್ಲುಗಾವಲು, ಕಾಡು, ಬಂಜರು ಇವುಗಳ ಬಳಕೆಯನ್ನು ಹದ್ದಿನಲ್ಲಿಡಲು ಒಂದು ಸಂಘ ಕಟ್ಟಿಕೊಂಡರು. ಹೊರಗಿನವನೊಬ್ಬ ಟೋರ್ಬೆಲ್‌ನಲ್ಲಿ ಜಮೀನು ಕೊಂಡರೂ ಊರಿನ ಗೋಮಾಳದಲ್ಲಾಗಲಿ ಕಾಡಿನಲ್ಲಾಗಲಿ ಅವನಿಗೆ ಹಕ್ಕು ಹುಟ್ಟುವುದಿಲ್ಲ ಎಂದು ಅದರಲ್ಲಿ ಬರೆದಿದ್ದಾರೆ. ಜಮೀನಿನ ಒಡೆತನ ಬೇರೆ, ಊರಿನ ಸದಸ್ಯತ್ವ ಬೇರೆ. ಹೊಸಬರನ್ನು ಸದಸ್ಯರಾಗಿ ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು ಊರಿನವರ ಮತಕ್ಕೆ ಬಿಟ್ಟದ್ದು. ಅವರು ಸೇರಿಸಿಕೊಂಡದ್ದು ಬಹಳ ಅಪರೂಪ. ಅದೇ ಕೆಲವು ಮನೆತನಗಳು ತಲೆಮಾರುಗಳ ಕಾಲ ಅಲ್ಲೇ ಉಳಿದವು. ಸ್ವಿಟ್ಜರ್‌ಲೆಂಡ್‌ನಲ್ಲಿ ಇಂದಿಗೂ ಪೌರತ್ವ ಮೊದಲು ಒಂದು ಊರಿಗೆ ಸೇರಿದ್ದು, ಆಮೇಲೆ ಪ್ರಾಂತ್ಯಕ್ಕೆ, ಆಮೇಲೆ ದೇಶಕ್ಕೆ. ಅಲ್ಲಿನ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಊರಿನ ಬದಲು ಮೂಲದ ಊರಿನ ಹೆಸರನ್ನು ಅಚ್ಚು ಹಾಕುತ್ತಾರೆ. ಅಜ್ಜನ ಕಾಲದಲ್ಲೇ ಬಿಟ್ಟುಬಂದ ಊರಾದರೂ ಸರಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. 1517ರ ಕಟ್ಟಳೆಯಲ್ಲಿ ಒಂದು ವಾಕ್ಯವಿದೆ: ಚಳಿಗಾಲದಲ್ಲಿ ಸಾಕಬಲ್ಲಷ್ಟು ಹಸುಗಳಿಗಿಂತ ಹೆಚ್ಚು ಹಸುಗಳನ್ನು ಯಾವ ಊರಿನವನೂ ಬೇಸಿಗೆಯಲ್ಲಿ ಮೇಲಿನ ಗೋಮಾಳಕ್ಕೆ ಅಟ್ಟಕೂಡದು. ಮೀರಿದರೆ ಭಾರಿ ದಂಡ.

ಇಷ್ಟೇ. ಆದರೆ ಇದು ಕೆಲಸ ಮಾಡುವ ಬಗೆಯನ್ನು ನಿಧಾನವಾಗಿ ಯೋಚಿಸಬೇಕು. ಹಿಮ ಬೀಳುವ ತಿಂಗಳುಗಳಲ್ಲಿ ಹಸು ಕೊಟ್ಟಿಗೆ ಬಿಟ್ಟು ಮೇಯಲಾರದು. ಅದು ತಿನ್ನುವುದು ಬೇಸಿಗೆಯಲ್ಲಿ ಕೊಯ್ದು ಒಣಗಿಸಿಟ್ಟ ಹುಲ್ಲನ್ನು. ಆ ಹುಲ್ಲು ಬರಬೇಕಾದದ್ದು ಅವರವರ ಸ್ವಂತ ಹುಲ್ಲುಗದ್ದೆಯಿಂದ. ಹಾಗಾಗಿ ಯಾರ ಮನೆಗೆ ಎಷ್ಟು ಹಸುವಿನ ಹಕ್ಕು ಎಂಬುದನ್ನು ಅವರ ಹುಲ್ಲುಗದ್ದೆಯೇ ನಿರ್ಧರಿಸುತ್ತದೆ. ವಸಂತದಲ್ಲಿ ಸಂತೆಯಿಂದ ಹತ್ತು ಹಸು ತಂದು, ಊರ ಗೋಮಾಳದಲ್ಲಿ ಪುಕ್ಕಟೆ ಮೇಯಿಸಿ, ಶರತ್ಕಾಲದಲ್ಲಿ ಲಾಭಕ್ಕೆ ಮಾರುವ ದಾರಿ ಒಂದೇ ಏಟಿಗೆ ಮುಚ್ಚಿಹೋಯಿತು. ಗೋಮಾಳವನ್ನು ಹಾಳುಮಾಡುವುದು ಸಾಮಾನ್ಯವಾಗಿ ಇಂಥ ವ್ಯಾಪಾರವೇ. ಮೇಲೆ ಎಷ್ಟು ಹುಲ್ಲಿದೆ ಎಂದು ವರ್ಷವರ್ಷವೂ ಅಳೆದು ಜಗಳವಾಡುವ ಪ್ರಮೇಯವಿಲ್ಲ. ಕಳ್ಳಲೆಕ್ಕಕ್ಕೂ ಆಸ್ಪದವಿಲ್ಲ. ಪಕ್ಕದ ಮನೆಯವನ ಹುಲ್ಲು ಎಷ್ಟು ಹಸುವಿಗೆ ಸಾಕಾದೀತು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

ದಂಡ ವಸೂಲಿಗೆ ಊರವರೇ ಆರಿಸಿದ ಒಬ್ಬ ಅಧಿಕಾರಿ ಇರುತ್ತಿದ್ದ. ವಸೂಲಾದ ದಂಡದಲ್ಲಿ ಅರ್ಧ ಅವನಿಗೇ ಸೇರುತ್ತಿತ್ತು. ನೆಂಟ, ಪರಿಚಯದವನು ಎಂದು ಕಣ್ಣುಮುಚ್ಚಿ ಕೂರುವ ಅಧಿಕಾರಿಯ ಕಾಟ ಯಾವ ಊರಿಗೆ ಇಲ್ಲ? ಅದಕ್ಕೆ ಅವರು ಕಂಡುಕೊಂಡ ಮದ್ದು ಇದು. ನನಗೆ ಈ ಇಡೀ ವ್ಯವಸ್ಥೆಯಲ್ಲಿ ತುಂಬ ಮೆಚ್ಚಿಗೆಯಾದ ಅಂಶವೂ ಇದೇ.

ಆದರೆ ಇದನ್ನು ಸಮಾನತೆ ಎಂದು ತಿಳಿಯಬೇಡಿ. ಹೆಚ್ಚು ಹುಲ್ಲುಗದ್ದೆಯಿದ್ದವನು ಹೆಚ್ಚು ಹಸು ಅಟ್ಟುತ್ತಿದ್ದ. ಹುಲ್ಲಿಲ್ಲದ ಬಡವನಿಗೆ ಗೋಮಾಳದಿಂದ ಸಿಗುತ್ತಿದ್ದ ಲಾಭವೂ ಅಷ್ಟಕ್ಕಷ್ಟೆ. ಆಸ್ತಿ ಒಂದೇ ಕಡೆ ಗುಡ್ಡೆಯಾಗದಂತೆ ತಡೆದದ್ದು ಬೇರೆ ಕಟ್ಟಳೆ. ತಂದೆತಾಯಿಯ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಇತ್ತು. ಹೊಲ, ಹುಲ್ಲುಗದ್ದೆ, ಕೊಟ್ಟಿಗೆ ಎಲ್ಲವೂ ಪಾಲಾಗುತ್ತ ಪಾಲಾಗುತ್ತ ಸಣ್ಣ ತುಂಡುಗಳಾದವು, ಮತ್ತೆ ಮದುವೆಗಳಲ್ಲಿ ಕೂಡಿಕೊಂಡವು. ಮನೆಯೂ ಪಾಲಾಗುತ್ತಿತ್ತು. ಒಂದೇ ಕಟ್ಟಡದ ಕೆಳಮಹಡಿ ಒಂದು ಕುಟುಂಬದ್ದು, ಮೇಲಿನದು ಇನ್ನೊಂದರದ್ದು. ಮಹಡಿಯ ಅರ್ಧಭಾಗ ಮಾತ್ರ ಪಡೆದವರೂ ಉಂಟು.

ಹೊಲವೂ ಹುಲ್ಲುಗದ್ದೆಯೂ ಖಾಸಗಿ, ಬೆಟ್ಟದ ಮೇಲಿನದು ಮಾತ್ರ ಸಾಮೂಹಿಕ ಎಂದೇಕೆ ಎಂಬ ಪ್ರಶ್ನೆ ಸಹಜ. 1970ರ ದಶಕದಲ್ಲಿ ಅಲ್ಲಿ ಅಧ್ಯಯನ ನಡೆಸಿದ ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟಿಂಗ್ ಇದಕ್ಕೆ ಉತ್ತರ ಹುಡುಕಿದರು. ರೈ ಧಾನ್ಯದ ಹೊಲ, ತರಕಾರಿ ತೋಟ, ಕಣಿವೆಯ ತಗ್ಗಿನ ದ್ರಾಕ್ಷಿ, ನೀರಾವರಿಯ ಹುಲ್ಲುಗದ್ದೆ ಇವು ಚಿಕ್ಕ ಜಾಗದಲ್ಲಿ ಹೆಚ್ಚು ಫಲ ಕೊಡುವಂಥವು. ಮೈಮುರಿದು ದುಡಿದಷ್ಟೂ ಫಲ. ಅವು ಒಬ್ಬೊಬ್ಬರ ಕೈಯಲ್ಲಿದ್ದವು. ಎತ್ತರದ ಹುಲ್ಲುಗಾವಲು ಹಾಗಲ್ಲ. ಚದರಗಜಕ್ಕೆ ಸಿಗುವ ಹುಲ್ಲು ಕಡಿಮೆ, ಒಂದು ವರ್ಷ ಇಲ್ಲಿ ಚೆನ್ನಾಗಿ ಬಂದರೆ ಮರುವರ್ಷ ಅಲ್ಲಿ. ತುಂಡು ಮಾಡಿ ಬೇಲಿ ಹಾಕಿದರೆ ಬೇಲಿಯ ಖರ್ಚೇ ಜಾಸ್ತಿ. ಕಾಡು, ಬಂಜರು, ನೀರುಕಾಲುವೆ, ಓಡಾಡುವ ದಾರಿಗಳೂ ಹೀಗೆಯೇ ಎಲ್ಲರ ಸ್ವತ್ತಾಗಿ ಉಳಿದವು. ಖಾಸಗಿ ಆಸ್ತಿ ಅಂದರೆ ಏನೆಂದು ಚೆನ್ನಾಗಿ ಬಲ್ಲ ಜನ ಇವರು. ಎರಡನ್ನೂ ಬಲ್ಲವರು ಯಾವುದು ಎಲ್ಲಿ ಹೊಂದುತ್ತದೆಂದು ನೋಡಿ ಆರಿಸಿಕೊಂಡರು. ಸಾಮೂಹಿಕ ಒಡೆತನವನ್ನು ಹಿಂದುಳಿದವರ ಪದ್ಧತಿಯೆಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ನೀರಿನ ವಿಷಯಕ್ಕೆ ಬರೋಣ. ಮೇಲಿನ ವಾಲಿಸ್‌ನಲ್ಲಿ ಝೂವೊನೆ ಎಂದು ಕರೆಯುವ ಕಾಲುವೆಗಳು ಎತ್ತರದ ಕಣಿವೆಗಳ ತೊರೆಗಳಿಂದ, ಹಿಮನದಿಗಳಿಂದ ನೀರು ಹಿಡಿದು ಇಳಿಜಾರನ್ನು ಬಳಸಿಕೊಂಡು ಊರಿಗೆ ಬರುತ್ತವೆ. ಬಂಡೆ ನೇರವಾಗಿ ನಿಂತ ಕಡೆಗಳಲ್ಲಿ ದೋಣಿಯಾಕಾರದ ಮರದ ಕಾಲುವೆಗಳನ್ನು ತೂಗುಹಾಕಿ ನೀರು ದಾಟಿಸುತ್ತಿದ್ದರು; ಅವನ್ನು ದುರಸ್ತಿ ಮಾಡುವಾಗ ಬಿದ್ದು ಸತ್ತವರಿದ್ದಾರೆ. ಬೇಸಿಗೆ ಬಲಿತು ಬಿಸಿಲೇರಿದಷ್ಟೂ ಹಿಮ ಕರಗಿ ನೀರು ಹೆಚ್ಚುವುದು ಈ ಏರ್ಪಾಟಿನ ದೊಡ್ಡ ಭಾಗ್ಯ. ಕೆಲವು ಕಾಲುವೆಗಳಲ್ಲಿ ಒಂದು ಪುಟ್ಟ ನೀರುಚಕ್ರ ಮರದ ಸುತ್ತಿಗೆಯನ್ನು ಎತ್ತಿ ಹಲಗೆಗೆ ಬಡಿಯುತ್ತಲೇ ಇರುತ್ತಿತ್ತು. ಸದ್ದು ನಿಂತಿತೋ, ಮೇಲೆಲ್ಲೋ ಕಾಲುವೆ ಒಡೆದಿದೆ ಅಥವಾ ಮುಚ್ಚಿಕೊಂಡಿದೆ ಎಂದು ಕಾವಲುಗಾರನಿಗೆ ತಿಳಿಯುತ್ತಿತ್ತು. ನಡುರಾತ್ರಿಯಾದರೂ ಎದ್ದು ಹೋಗಲೇಬೇಕು.

ಯಾರಿಗೆ ಎಷ್ಟು ಹೊತ್ತಿನ ನೀರು ಎಂಬ ದಾಖಲೆ ಕಾಗದದ ಮೇಲಿರಲಿಲ್ಲ, ಕೋಲಿನ ಮೇಲಿತ್ತು. ಅಂಥ ಕೋಲಿಗೆ ಟೆಸ್ಸೆಲ್ ಎನ್ನುತ್ತಾರೆ. ಅಂಗೈ ಉದ್ದದ ಒಂದು ಮರದ ತುಂಡನ್ನು ಕಲ್ಪಿಸಿಕೊಳ್ಳಿ. ಒಂದು ಮುಖದಲ್ಲಿ ಮನೆಯ ಗುರುತು ಕೊರೆದಿರುತ್ತದೆ: ಒಂದು ಕತ್ತರಿಗೆರೆ, ಒಂದು ತ್ರಿಕೋನ, ಕೆಲವು ಚುಕ್ಕಿಗಳು, ಹೀಗೆ ಓದುಬರಹ ಬಾರದವರೂ ಗುರುತಿಸುವಂಥದ್ದು. ಇನ್ನೊಂದು ಮುಖದಲ್ಲಿ ನೀರಿನ ಹೊತ್ತಿನ ಗೀರುಗಳು. ಪೂರ್ತಿ ಹೊತ್ತಿಗೊಂದು ಬಗೆಯ ಗೀರು, ಅರ್ಧಕ್ಕೆ ಇನ್ನೊಂದು, ಕಾಲಿಗೆ ಮತ್ತೊಂದು. ಇಂಥ ಕೋಲುಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿಟ್ಟರೆ ಅದೇ ಕಾಲುವೆಯ ಪಾಳಿಪಟ್ಟಿ. ನೀರಿನ ಹಕ್ಕು ಕೈ ಬದಲಿಸಿದರೆ ಚಾಕು ಹಿಡಿದು ತಿದ್ದಿದರಾಯಿತು. ಹಸುವಿನ ಹಕ್ಕಿಗೂ, ಚರ್ಚಿನಿಂದಲೋ ಊರ ನಿಧಿಯಿಂದಲೋ ಪಡೆದ ಸಾಲಕ್ಕೂ ಕೋಲುಗಳೇ ಸಾಕ್ಷಿ. ಸಾಲದ ಕೋಲಿನಿಂದ ಒಂದು ಚಿಕ್ಕ ತುಂಡನ್ನು ಕತ್ತರಿಸಿ ಇನ್ನೊಬ್ಬರ ಕೈಗೆ ಕೊಡುತ್ತಿದ್ದರು. ಎರಡನ್ನೂ ಜೋಡಿಸಿದಾಗ ಗೀರುಗಳು ಒಂದಕ್ಕೊಂದು ಕೂಡಬೇಕು. ಒಬ್ಬರೇ ಗುಟ್ಟಾಗಿ ಒಂದು ಗೀರು ಹೆಚ್ಚಿಸಿದರೆ ಸಿಕ್ಕಿಬೀಳುತ್ತಿದ್ದರು.

2023ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ಬಗೆಯ ಸಾಂಪ್ರದಾಯಿಕ ನೀರಾವರಿಯನ್ನು, ಯುರೋಪಿನ ಇನ್ನೂ ಕೆಲವು ದೇಶಗಳ ನೀರಾವರಿಯ ಜೊತೆಗೆ, ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಸಿಗೆಯಲ್ಲಿ ದನಗಳನ್ನು ಬೆಟ್ಟಕ್ಕೆ ಹೊಡೆಯುವ ಸ್ವಿಸ್ ಪದ್ಧತಿಗೂ ಅದೇ ತಿಂಗಳು ಆ ಮನ್ನಣೆ ದಕ್ಕಿತು.

ಕಾಡಿನ ಪಾಲಿಗೆ ಚೀಟಿ ಎತ್ತುತ್ತಿದ್ದರು. ಕಡಿಯಬೇಕಾದ ಮರಗಳಿಗೆ ಮೊದಲೇ ಗುರುತು ಹಾಕುವುದು, ಮನೆಗೊಬ್ಬರಂತೆ ತಂಡ ಕಟ್ಟಿಕೊಂಡು ಕಡಿಯುವುದು, ದಿಮ್ಮಿಗಳನ್ನು ಸಮನಾದ ರಾಶಿಗಳಾಗಿ ಹಾಕುವುದು, ಆಮೇಲೆ ಚೀಟಿ. ಯಾವ ರಾಶಿ ತನಗೆ ಬರುತ್ತದೆಂದು ಗೊತ್ತಿಲ್ಲದಿರುವುದರಿಂದ ರಾಶಿ ಹಾಕುವವನು ಎಲ್ಲವನ್ನೂ ಸಮನಾಗಿಯೇ ಹಾಕುತ್ತಾನೆ.

ಈಗ ದಿನಚರಿ. ಟೋರ್ಬೆಲ್‌ನ ಕುಟುಂಬ ಒಂದೇ ಮನೆಯಲ್ಲಿ ಕೂತು ವರ್ಷ ಕಳೆಯುತ್ತಿರಲಿಲ್ಲ. ದ್ರಾಕ್ಷಿ ಕಣಿವೆಯ ತಗ್ಗಿನಲ್ಲಿ, ಹೊಲ ಊರಿನ ಸುತ್ತ, ವಸಂತದ ಮೇವು ಊರಿನ ಮೇಲೆ, ಬೇಸಿಗೆಯ ಗೋಮಾಳ ಅದಕ್ಕೂ ಮೇಲೆ. ಸಾವಿರ ಮೀಟರಿಗೂ ಮಿಕ್ಕ ಏರಿಳಿತದಲ್ಲಿ ಹರಡಿದ ಬದುಕು ಅದು. ವರ್ಷವಿಡೀ ಹತ್ತುವುದು, ಇಳಿಯುವುದು. ಜೂನ್‌ನಲ್ಲಿ ಹಸುಗಳು ಮೇಲೇರಿದ ಮೇಲೆ ಸಾಮೂಹಿಕವಾಗಿ ನೇಮಿಸಿದ ಆಳುಗಳು ಹಾಲು ಕರೆದು ಚೀಸ್ ಮಾಡುತ್ತಿದ್ದರು. ಹಂಗಾಮಿನ ಕೊನೆಗೆ ಅವರವರ ಹಸುವಿನ ಲೆಕ್ಕದ ಮೇಲೆ ಚೀಸ್ ಹಂಚಿಕೆ. ಹಾಲು ಕರೆಯುವ ಕೆಲಸದಿಂದ ಬಿಡುವು ಸಿಕ್ಕಿತಲ್ಲ, ಕೆಳಗುಳಿದವರು ಹುಲ್ಲು ಕೊಯ್ಯುವುದಕ್ಕೂ ರೈ ಕೊಯ್ಲಿಗೂ ತಿರುಗುತ್ತಿದ್ದರು. ಇಳಿಜಾರು ಎಷ್ಟು ಕಡಿದೆಂದರೆ ವಾಲಿಸ್‌ನ ಇಂಥ ಹೊಲಗಳಲ್ಲಿ ಉತ್ತಷ್ಟೂ ಮಣ್ಣು ಕೆಳಕ್ಕೆ ಜಾರುತ್ತಿತ್ತು. ಆ ಮಣ್ಣನ್ನು ಬುಟ್ಟಿಗೆ ತುಂಬಿ ಬೆನ್ನ ಮೇಲೆ ಹೊತ್ತು ಮತ್ತೆ ಹೊಲದ ತಲೆಗೆ ಸುರಿಯಬೇಕಿತ್ತು. ಗೊಬ್ಬರವೂ ಬೆನ್ನ ಮೇಲೆ, ಹುಲ್ಲಿನ ಹೊರೆಯೂ ಬೆನ್ನ ಮೇಲೆ. ಈ ಹೊರೆಗಳಲ್ಲಿ ಬಹುಪಾಲು ಹೆಂಗಸರ ಬೆನ್ನ ಮೇಲಿತ್ತು ಎಂಬುದನ್ನು ಆಲ್ಪ್ಸ್‌ನ ಅಂದದ ಚಿತ್ರಗಳು ತೋರಿಸುವುದಿಲ್ಲ.

ಚಳಿಗಾಲದ್ದು ಇನ್ನೊಂದು ಜಾಣತನ. ಹುಲ್ಲುಗದ್ದೆಗಳು ಚೂರುಚೂರಾಗಿ ಹರಡಿದ್ದರಿಂದ ಹುಲ್ಲನ್ನೆಲ್ಲ ಮನೆಗೆ ಹೊತ್ತು ತರುವುದು ಆಗದ ಮಾತು. ಅಲ್ಲಲ್ಲೇ ಕೊಟ್ಟಿಗೆ ಕಟ್ಟಿ, ಅಟ್ಟದಲ್ಲಿ ಆ ಜಾಗದ ಹುಲ್ಲನ್ನು ತುಂಬಿದರು. ಹಿಮದಲ್ಲಿ ದಾರಿ ಮಾಡಿಕೊಂಡು ಹಸುಗಳನ್ನೇ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಒಂದು ಕಡೆ ಹುಲ್ಲು ಮುಗಿಯಿತೆಂದರೆ ಮುಂದಿನದಕ್ಕೆ. ಗೊಬ್ಬರವೂ ಹೀಗೆ ಬೇಕಾದ ಗದ್ದೆಯ ಪಕ್ಕದಲ್ಲೇ ಸಿಗುತ್ತಿತ್ತು.

ಊಟ ಎಂದರೆ ರೈ ರೊಟ್ಟಿ, ಚೀಸ್, ಒಣಗಿಸಿದ ಮಾಂಸ, ಹಾಲು, ಆಮೇಲಾಮೇಲೆ ಆಲೂಗಡ್ಡೆ. ರೊಟ್ಟಿಯನ್ನು ಊರಿನ ಸಾಮೂಹಿಕ ಒಲೆಯಲ್ಲಿ ವರ್ಷಕ್ಕೆ ಎರಡು ಮೂರು ಸಲ ಮಾತ್ರ ಸುಡುತ್ತಿದ್ದರು. ಕಲ್ಲಿನ ಒಲೆ ಕಾಯಲು ಸೌದೆ ಬಹಳ ಬೇಕು. ಕಾದ ಮೇಲೆ ಒಂದು ಮನೆಯ ಹಿಂದೆ ಇನ್ನೊಂದು ಮನೆಯವರು ಸರದಿಯಲ್ಲಿ ಸುಟ್ಟುಕೊಂಡರೆ ಸೌದೆ ಉಳಿತಾಯ. ತಿಂಗಳುಗಟ್ಟಲೆ ಇಡುವ ಆ ರೊಟ್ಟಿ ಮರದಂತೆ ಗಟ್ಟಿಯಾಗುತ್ತಿತ್ತು, ಕತ್ತರಿಸಲು ಹಲಗೆಗೆ ಕೀಲಿಸಿದ ಬೇರೆಯೇ ಕತ್ತಿ ಬೇಕಿತ್ತು. ಧಾನ್ಯ ಇಡುವ ಮರದ ಕಣಜಗಳನ್ನು ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಕಂಬಕ್ಕೂ ಕಣಜಕ್ಕೂ ನಡುವೆ ಅಗಲವಾದ ದುಂಡು ಚಪ್ಪಡಿ ಇಡುತ್ತಿದ್ದರು. ಕಂಬ ಹತ್ತಿದ ಇಲಿ ತಲೆಕೆಳಗಾಗಿ ಚಪ್ಪಡಿ ದಾಟಲಾರದು.

ಈ ಬದುಕಿಗೆ ತೆತ್ತ ಬೆಲೆಯ ಮಾತು ಆಗಲೇ ಎತ್ತಿದ್ದೆ. ಗೋಮಾಳ ಹಿಗ್ಗುವುದಿಲ್ಲ, ಹುಲ್ಲುಗದ್ದೆಯೂ ಹಿಗ್ಗುವುದಿಲ್ಲ. ಹಾಗಿದ್ದರೆ ಜನಸಂಖ್ಯೆಯನ್ನು ಹಿಡಿದಿಟ್ಟದ್ದು ಯಾವುದು? ಚರ್ಚಿನ ಜನನ, ಮದುವೆ, ಮರಣದ ದಾಖಲೆಗಳನ್ನು ಕೂಡಿಸಿ ನೋಡಿದ ನೆಟಿಂಗ್ ಕಂಡುಕೊಂಡದ್ದು ಇದು: ಜನ ತಡವಾಗಿ ಮದುವೆಯಾಗುತ್ತಿದ್ದರು, ಮದುವೆಯೇ ಆಗದೆ ಉಳಿದವರು ಬಹಳ, ಮಕ್ಕಳ ನಡುವೆ ಅಂತರ ಹೆಚ್ಚು, ಊರು ಬಿಟ್ಟು ಹೋದವರೂ ಬಹಳ. ಪಾಲಿಗೆ ಸಾಕಷ್ಟು ಜಮೀನು ಬಾರದೆ ಸಂಸಾರ ಹೂಡುವಂತಿರಲಿಲ್ಲ. ಅಣ್ಣನ ಮನೆಯಲ್ಲಿ ದುಡಿಯುತ್ತ ಮುದುಕಿಯಾದ ತಂಗಿ, ಕೂಲಿ ಹುಡುಕಿ ಬೆಟ್ಟವಿಳಿದ ತಮ್ಮ, ಇವರೂ ಗೋಮಾಳವನ್ನು ಉಳಿಸಿದವರೇ. ಊರಸಭೆಯಲ್ಲಿ ಹೆಂಗಸರಿಗೆ ಮತವೂ ಇರಲಿಲ್ಲ. ಆಸ್ತಿಯಲ್ಲಿ ಸಮಪಾಲು, ದುಡಿಮೆಯಲ್ಲಿ ಹೆಚ್ಚಿನ ಪಾಲು, ನಿರ್ಧಾರದಲ್ಲಿ ಮಾತ್ರ ಪಾಲಿಲ್ಲ. ಟೋರ್ಬೆಲ್‌ನಿಂದ ಬೆಟ್ಟ ದಾಟಿದರೆ ಸಿಗುವ ಸೀಮೆಯ ಉಂಟರ್‌ಬೆಖ್ ಹಳ್ಳಿಯಲ್ಲಿ 1957ರ ಮಾರ್ಚ್‌ನಲ್ಲಿ ಹೆಂಗಸರು ಮತ ಹಾಕಿದರು. ದೇಶದಲ್ಲೇ ಅದು ಮೊದಲು. ಆ ಮತಗಳನ್ನು ಸರ್ಕಾರ ಎಣಿಸಲಿಲ್ಲ. ಇಡೀ ಸ್ವಿಟ್ಜರ್‌ಲೆಂಡ್‌ನ ಹೆಂಗಸರಿಗೆ ರಾಷ್ಟ್ರಮಟ್ಟದ ಮತದ ಹಕ್ಕು ಬಂದದ್ದು 1971ರಲ್ಲಿ.

ಹೊರಗಿನ ಇತಿಹಾಸ ಈ ಊರನ್ನು ಮುಟ್ಟದೆ ಹೋಯಿತೆಂದಲ್ಲ. ನೆಪೋಲಿಯನ್ನನ ಕಾಲದಲ್ಲಿ ವಾಲಿಸ್ ಸ್ವಲ್ಪ ಕಾಲ ಬೇರೆ ಗಣರಾಜ್ಯವಾಗಿ, 1810ರಲ್ಲಿ ಫ್ರಾನ್ಸಿಗೆ ಸೇರಿ, 1815ರಲ್ಲಿ ಸ್ವಿಸ್ ಒಕ್ಕೂಟಕ್ಕೆ ಬಂತು. 1855ರ ಜುಲೈ 25ರ ದೊಡ್ಡ ಭೂಕಂಪದಲ್ಲಿ ಈ ಕಣಿವೆ ನಡುಗಿತು. ಆದರೆ ಊರನ್ನು ನಿಜವಾಗಿ ಬದಲಿಸಿದವು ಎರಡು. ಮೊದಲನೆಯದು ಆಲೂಗಡ್ಡೆ. ಅದೇ ತುಂಡು ನೆಲದಲ್ಲಿ ಹೆಚ್ಚು ಹೊಟ್ಟೆ ತುಂಬಿಸುವ ಬೆಳೆ ಬಂದ ಮೇಲೆ ಜನಸಂಖ್ಯೆ ಏರಿತು. ಎರಡನೆಯದು ಕೆಳಗಿನ ಕಾರ್ಖಾನೆ. 1909ರ ಹೊತ್ತಿಗೆ ಲೋನ್ಜಾ ಕಂಪನಿ ಫಿಸ್ಪ್‌ನಲ್ಲಿ ರಾಸಾಯನಿಕ ಕಾರ್ಖಾನೆ ತೆರೆದು, ಬೆಟ್ಟದೂರುಗಳ ಗಂಡಸರಿಗೆ ತಿಂಗಳ ಸಂಬಳ ಸಿಗತೊಡಗಿತು. ಪಾಳಿ ಮುಗಿಸಿ ಬಂದು ಹುಲ್ಲು ಕೊಯ್ಯುವ ಕಾರ್ಮಿಕ ರೈತ ಹುಟ್ಟಿಕೊಂಡ. ಮದುವೆಗೆ ಪಿತ್ರಾರ್ಜಿತ ಕಾಯಬೇಕಾದ ಕಾಲ ಮುಗಿಯಿತು. ರೈ ಹೊಲಗಳು ಒಂದೊಂದಾಗಿ ಹುಲ್ಲಿಗೆ ತಿರುಗಿದವು. ಕೊರೊನಾ ಕಾಲದಲ್ಲಿ ಮಾಡೆರ್ನಾ ಲಸಿಕೆಯ ಮೂಲದ್ರವ್ಯ ತಯಾರಾದದ್ದೂ ಇದೇ ಫಿಸ್ಪ್ ಕಾರ್ಖಾನೆಯಲ್ಲಿ.

ಟೋರ್ಬೆಲ್‌ನ ಹೆಸರು ಲೋಕಕ್ಕೆಲ್ಲ ತಿಳಿದದ್ದು ಒಂದು ವಾದದಿಂದ. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನೋರ್ ಆಸ್ಟ್ರಮ್ 1990ರಲ್ಲಿ ಅದಕ್ಕೆ ಉತ್ತರ ಕೊಡುವಾಗ ನೆಟಿಂಗ್ ಅವರ ಟೋರ್ಬೆಲ್ ಅಧ್ಯಯನವನ್ನು ಎತ್ತಿ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಹಾರ್ಡಿನ್ ಊಹಿಸಿಕೊಂಡದ್ದು ಕಟ್ಟಳೆಯೇ ಇಲ್ಲದ, ಯಾರು ಬೇಕಾದರೂ ನುಗ್ಗಬಹುದಾದ ಬಯಲನ್ನು. ಟೋರ್ಬೆಲ್‌ನ ಗೋಮಾಳ ಒಂದು ದಿನವೂ ಹಾಗಿರಲಿಲ್ಲ. ಇದನ್ನು ಮರೆತು ಟೋರ್ಬೆಲ್ ಮಾದರಿ ಎಂದು ಎಲ್ಲೆಲ್ಲೂ ಹೇರಲು ಹೊರಡುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಹಕ್ಕುದಾರರು ಯಾರೆಂಬುದು ಖಚಿತವಾಗಿ, ನಿಯಮ ಮಾಡುವ ಅಧಿಕಾರ ಅವರ ಕೈಯಲ್ಲೇ ಇದ್ದು, ಮೇಲಿನ ಸರ್ಕಾರ ಅದನ್ನು ತಳ್ಳಿಹಾಕದೆ ಇದ್ದಾಗ ಮಾತ್ರ ಆ ಒಂದು ಸಾಲಿನ ಕಟ್ಟಳೆಗೆ ಜೀವ.

ಹೋಗುವ ದಾರಿ ಸುಲಭ. ಜ್ಯೂರಿಚ್‌ನಿಂದ ಫಿಸ್ಪ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿಂದ ಜೆರ್ಮಾಟ್ ರೈಲು ಹಿಡಿದು ಸ್ಟಾಲ್ಡನ್‌ನಲ್ಲಿ ಇಳಿದರೆ ಮೇಲಕ್ಕೆ ಹಳದಿ ಬಣ್ಣದ ಅಂಚೆ ಬಸ್ಸಿದೆ. ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ. ಹಳೆಯ ಊರಿನ ಓಣಿಗಳಲ್ಲಿ ಬಿಸಿಲಿಗೆ ಕಪ್ಪಾದ ಲಾರ್ಚ್ ಮರದ ಮನೆಗಳನ್ನೂ ಚಪ್ಪಡಿಗಳ ಮೇಲೆ ನಿಂತ ಕಣಜಗಳನ್ನೂ ನೋಡಿ. ಊರಿನಿಂದ ಹೊರಗೆ ಇಳಿಜಾರಿನಲ್ಲಿ ಒಂಟಿಯಾಗಿ ನಿಂತ ಚಿಕ್ಕ ಕೊಟ್ಟಿಗೆಗಳು ಎಷ್ಟಿವೆಯೆಂದು ಗಮನಿಸಿ. ಹಸುಗಳು ಚಳಿಗಾಲದಲ್ಲಿ ಸುತ್ತುತ್ತಿದ್ದುದು ಅಂಥವನ್ನೇ. ಸುಮಾರು 2,050 ಮೀಟರ್ ಎತ್ತರದ ಮೋಸ್‌ಆಲ್ಪ್‌ವರೆಗೂ ಹೋಗಿ ಬನ್ನಿ. ಕಾಲುವೆಯ ದಂಡೆಯ ದಾರಿ ಹೆಚ್ಚು ಏರಿಲ್ಲದೆ ಸಾಗುವುದರಿಂದ ಮಂಡಿನೋವಿದ್ದವರೂ ನಡೆಯಬಹುದು. ಆದರೆ ಜೂನ್ ಎಂದರೆ ಹುಲ್ಲು ಬೆಳೆದು ನಿಂತ ಕಾಲ, ಅದು ಯಾರದೋ ಚಳಿಗಾಲದ ಮೇವು. ಫೋಟೊಗೆಂದು ಗದ್ದೆಯೊಳಕ್ಕೆ ಇಳಿಯದೆ ಕಾಲುದಾರಿಯಲ್ಲೇ ನಡೆಯಿರಿ.